ಮೂರು ಮಡಿಕೆಯ ಫೋಟೊ ಕರಪತ್ರ: ಫೋಟೊಶಾಪ್, ಗಿಂಪ್, ಸ್ಕ್ರೈಬಸ್, ಕೋರೆಲ್‌ಗಳಲ್ಲಿ ಯಾವುದು ಎಲ್ಲಿ ಎಡವುತ್ತದೆ

ಹೋಲಿಕೆಗೆ ಇಟ್ಟುಕೊಂಡ ಕೆಲಸ ಒಂದೇ: ತುಮಕೂರು ಜಿಲ್ಲೆಯ ನಾಲ್ಕು ಜಾಗಗಳ ಫೋಟೊ ಕರಪತ್ರ. ಮಧುಗಿರಿಯ ಏಕಶಿಲಾ ಬೆಟ್ಟ, ದೇವರಾಯನದುರ್ಗ, ಕೈದಾಳದ ಚೆನ್ನಕೇಶವ ದೇಗುಲ, ಶಿರಾ ತಾಲ್ಲೂಕಿನ ಕಗ್ಗಲಡುವಿನ ಹಕ್ಕಿಗಳು. ಎ4 ಹಾಳೆ ಅಡ್ಡಕ್ಕೆ, ಎರಡೂ ಬದಿ ಬಣ್ಣದ ಮುದ್ರಣ, ಎರಡು ಕಡೆ ಮಡಚಿ ಆರು ಪ್ಯಾನೆಲ್. ಫೋಟೊ, ಫಾಂಟ್, ಪಠ್ಯ ಎಲ್ಲಕ್ಕೂ ಅವೇ.

ಅಳತೆಯಲ್ಲಿ ತಪ್ಪಿದರೆ ಯಾವ ತಂತ್ರಾಂಶವೂ ಕಾಪಾಡುವುದಿಲ್ಲ. 297 ಮಿ.ಮೀ. ಅಗಲವನ್ನು 99ರಂತೆ ಸಮ ಮೂರು ಪಾಲು ಮಾಡುವುದು ಝಡ್ ಆಕಾರದ ಮಡಿಕೆಗೆ ಮಾತ್ರ ಸರಿ. ಒಂದು ಪ್ಯಾನೆಲ್ ಒಳಗೆ ಸೇರಿಕೊಳ್ಳುವ ಮಡಿಕೆಯಲ್ಲಿ ಆ ಪ್ಯಾನೆಲ್ 97, ಉಳಿದವು 100 ಇರಬೇಕು. ಇಲ್ಲದಿದ್ದರೆ ಒಳಗಿನದರ ಅಂಚು ಮಡಿಕೆಗೆ ಒತ್ತಿ ಉಬ್ಬುತ್ತದೆ. ನಾಲ್ಕೂ ಕಡೆ 3 ಮಿ.ಮೀ. ಬ್ಲೀಡ್ (ಮುದ್ರಿಸಿ ಆಮೇಲೆ ಕತ್ತರಿಸುವ ಹೆಚ್ಚುವರಿ ಅಂಚು) ಸೇರಿಸಿದರೆ ಕ್ಯಾನ್ವಾಸ್ 303 × 216 ಮಿ.ಮೀ., ಅಂದರೆ 300 ಪಿಪಿಐನಲ್ಲಿ (ಇಂಚಿಗೆ 300 ಪಿಕ್ಸೆಲ್) 3579 × 2551 ಪಿಕ್ಸೆಲ್. ಹೊರಬದಿಗೆ ಎಡದಿಂದ 3, 100, 200, 300 ಮಿ.ಮೀ.ಗೆ ಗೈಡ್ (ಪರದೆಯ ಮೇಲಿನ ಅಳತೆಗೆರೆ), ಒಳಬದಿಗೆ 3, 103, 203, 300. ಹೊರಬದಿಯಲ್ಲಿ ಎಡತುದಿಯದೇ 97ರ ಪ್ಯಾನೆಲ್, ನಡುವಿನದು ಹಿಂಬದಿ, ಬಲತುದಿಯದು ಮುಖಪುಟ. ಇದನ್ನು ತಲೆಕೆಳಗು ಮಾಡುವವರೇ ಹೆಚ್ಚು.

ಫೋಟೊಶಾಪ್‌ನಲ್ಲಿ ಚಿತ್ರದ ಕೆಲಸಕ್ಕೆ ಎದುರಿಲ್ಲ. ನ್ಯೂ ಗೈಡ್ ಪೆಟ್ಟಿಗೆಯಲ್ಲಿ ‘100 ಎಂಎಂ’ ಎಂದು ನೇರವಾಗಿ ಟೈಪಿಸಬಹುದು. ಮಧುಗಿರಿ ಬೆಟ್ಟದ ಬೂದು ಬಂಡೆ, ಮೇಲೆ ಬೆಳ್ಳಗೆ ಉರಿಯುವ ಆಕಾಶ: ಎರಡನ್ನೂ ಒಂದೇ ಚಿತ್ರದಲ್ಲಿ ಉಳಿಸಿಕೊಳ್ಳಲು ಕ್ಯಾಮೆರಾ ರಾ ಸಾಕು. ಸಿಎಂವೈಕೆಗೆ (ಮುದ್ರಣದ ನಾಲ್ಕು ಶಾಯಿಗಳ ಬಣ್ಣಕ್ಕೆ) ಹೋದರೆ ಆಕಾಶದ ನೀಲಿ, ದೇವರಾಯನದುರ್ಗದ ಹಸಿರು ಎಷ್ಟು ಮಂಕಾಗುತ್ತವೆ ಎಂಬುದು ಪ್ರೂಫ್ ಕಲರ್ಸ್ ಒತ್ತಿದ ಕೂಡಲೇ ಕಾಣುತ್ತದೆ. ಎಡವುವುದು ಅಕ್ಷರದಲ್ಲಿ. ಹಳೆಯ ಆವೃತ್ತಿಗಳಲ್ಲಿ ಪ್ರಿಫರೆನ್ಸಸ್‌ನ ಟೈಪ್ ವಿಭಾಗಕ್ಕೆ ಹೋಗಿ ಮಿಡ್ಲ್ ಈಸ್ಟರ್ನ್ ಮತ್ತು ಸೌತ್ ಏಷ್ಯನ್ ಆಯ್ಕೆ ಮಾಡಿ, ಪ್ಯಾರಾಗ್ರಾಫ್ ಮೆನುವಿನಲ್ಲಿ ವರ್ಲ್ಡ್-ರೆಡಿ ಲೇಔಟ್ ಹಾಕದಿದ್ದರೆ ‘ದುರ್ಗ’ದ ಅರ್ಕಾವತ್ತು ತನ್ನ ಜಾಗ ಬಿಟ್ಟು ‘ದುರ್‌ಗ’ ಆಗುತ್ತದೆ. ‘ಚೆನ್ನಕೇಶವ’ದ ಒತ್ತೂ ಹಾಗೇ ಕಳಚಿಕೊಳ್ಳುತ್ತದೆ. ಯೂನಿಕೋಡ್ ಅಕ್ಷರ ಸರಿಯಾಗಿ ಬರುತ್ತದೆಯೇ ಎಂದು ಪರೀಕ್ಷಿಸಲು ಈ ಎರಡು ಹೆಸರು ಸಾಕು. ಇನ್ನೊಂದು, ಸಾಲಿನ ಅಂತರ. ತಾನಾಗಿ ಬರುವುದು ಅಕ್ಷರದ ಗಾತ್ರದ 120%. 10 ಪಾಯಿಂಟಿಗೆ 12. ಇಂಗ್ಲಿಷಿಗೆ ಇದು ನಡೆಯುತ್ತದೆ. ಕನ್ನಡದಲ್ಲಿ ‘ರಾಷ್ಟ್ರ’ದ ಎರಡನೇ ಒತ್ತು ಕೆಳಸಾಲಿನ ಗುಡಿಸನ್ನು ಮುಟ್ಟುತ್ತದೆ. 15 ಕೊಡಿ.

ಗಿಂಪ್‌ನಲ್ಲಿ ಈ ಅಕ್ಷರದ ಗೋಳಿಲ್ಲ. ನೋಟೊ ಸಾನ್ಸ್ ಕನ್ನಡ, ತುಂಗಾ, ಗುಬ್ಬಿ ಯಾವುದನ್ನು ಕೊಟ್ಟರೂ ಒತ್ತಕ್ಷರ ಸರಿಯಾಗಿ ಕೂರುತ್ತದೆ. (ಗುಬ್ಬಿಯ ಜೊತೆಯ ಫಾಂಟಿನ ಹೆಸರು ನವಿಲು. ಹಾಗಾಗಿ ಅದು ನಮ್ಮ ಗುಬ್ಬಿ ತಾಲ್ಲೂಕಲ್ಲ, ಹಕ್ಕಿಯೇ ಇರಬೇಕು.) ನ್ಯೂ ಗೈಡ್‌ನಲ್ಲಿ ಪಿಕ್ಸೆಲ್ ಲೆಕ್ಕ ಕೊಡಬೇಕು: ಹೊರಬದಿಗೆ 35, 1181, 2362, 3543, ಒಳಬದಿಗೆ 35, 1217, 2398, 3543. ಕರ್ವ್ಸ್, ಕ್ಲೋನ್, ಪರ್ಸ್ಪೆಕ್ಟಿವ್ ಎಲ್ಲ ಇವೆ. ಕೈದಾಳದ ದೇಗುಲದ ಓರೆಯಾದ ಕಂಬ ನೆಟ್ಟಗಾಗಲು ಹೆಚ್ಚು ಹೊತ್ತು ಬೇಡ.

ಗಿಂಪ್ ಸೋಲುವುದು ಕಪ್ಪು ಬಣ್ಣದಲ್ಲಿ. 2025ರಲ್ಲಿ ಬಂದ 3.0 ಆವೃತ್ತಿ ಟಿಫ್, ಜೆಪೆಗ್‌ಗಳನ್ನು ಸಿಎಂವೈಕೆಯಲ್ಲಿ ಹೊರಕೊಡುತ್ತದೆ ನಿಜ, ಆದರೆ ಒಳಗೆ ನಡೆಯುವ ಕೆಲಸವೆಲ್ಲ ಪರದೆಯ ಬಣ್ಣವಾದ ಆರ್‌ಜಿಬಿಯಲ್ಲೇ. ಆರ್‌ಜಿಬಿಯ ಶುದ್ಧ ಕಪ್ಪು ಪರಿವರ್ತನೆಯಾದಾಗ ಒಂದೇ ಶಾಯಿಯಾಗಿ ಉಳಿಯುವುದಿಲ್ಲ. ಎಸ್‌ಡಬ್ಲ್ಯುಒಪಿ ಎಂಬ ಮುದ್ರಣದ ಬಣ್ಣ ಪ್ರೊಫೈಲಿನಲ್ಲಿ ಸಯಾನ್ 75, ಮಜೆಂಟಾ 68, ಹಳದಿ 67, ಕಪ್ಪು 90, ಒಟ್ಟು 300% ಶಾಯಿ. ಆಫ್‌ಸೆಟ್‌ನಲ್ಲಿ ಶಾಯಿಗೊಂದರಂತೆ ಇರುವ ನಾಲ್ಕು ಪ್ಲೇಟುಗಳಲ್ಲಿ ಒಂದು ಕೂದಲೆಳೆ ಸರಿದರೂ 9 ಪಾಯಿಂಟಿನ ಅಕ್ಷರದ ಸುತ್ತ ಕೆಂಪೋ ನೀಲಿಯೋ ನೆರಳು ನಿಲ್ಲುತ್ತದೆ, ಸಣ್ಣ ಒತ್ತುಗಳ ಹೊಟ್ಟೆ ತುಂಬಿಹೋಗುತ್ತದೆ. ಫೋಟೊಶಾಪ್‌ನ ಸಿಎಂವೈಕೆ ಕಡತದಲ್ಲಿ ಅಕ್ಷರಕ್ಕೆ ಕಪ್ಪು 100, ಉಳಿದವು 0 ಎಂದು ಕೊಟ್ಟರೆ ಈ ತೊಂದರೆ ಮುಗಿಯಿತು. ಗಿಂಪ್‌ನಲ್ಲಿ ಕೊಡಲು ದಾರಿಯಿಲ್ಲ. ಡಿಜಿಟಲ್ ಪ್ರಿಂಟಿನಲ್ಲಿ 100–200 ಪ್ರತಿ ತೆಗೆಸುವುದಾದರೆ ಇದನ್ನು ತಲೆಗೆ ಹಚ್ಚಿಕೊಳ್ಳಬೇಡಿ.

ಆಫ್‌ಸೆಟ್‌ಗೆ ಹೋಗುವವರಿಗೆ ನಮ್ಮ ಮತ ಸ್ಕ್ರೈಬಸ್‌ಗೆ. ಇದು ಚಿತ್ರ ತಿದ್ದುವ ತಂತ್ರಾಂಶವಲ್ಲ, ಪುಟ ಕಟ್ಟುವುದು. ಫೋಟೊಗಳನ್ನು ಗಿಂಪ್‌ನಲ್ಲಿ ಸಿದ್ಧಮಾಡಿ ಇಲ್ಲಿ ಚೌಕಟ್ಟಿಗೆ ತುಂಬಿ, ಅಕ್ಷರ ಇಲ್ಲೇ ಹಾಕಿ. ಬ್ಲೀಡ್‌ಗೆ ಪ್ರತ್ಯೇಕ ಜಾಗವಿದೆ, ಎರಡು ಬದಿಗೆ ಎರಡು ಪುಟ, ಕಪ್ಪು ಎಂದರೆ ಕಪ್ಪು ಶಾಯಿ ಒಂದೇ. ಹಳೆಯ 1.4 ಸರಣಿಯಲ್ಲಿ ಕನ್ನಡ ಒಡೆಯುತ್ತಿತ್ತು. 2024ರಲ್ಲಿ ಬಂದ 1.6ರಲ್ಲಿ ಒಡೆಯುವುದಿಲ್ಲ. ಪರದೆಯ ಮೇಲೆ ಫೋಟೊ ಒರಟಾಗಿ ಕಂಡರೆ ಗಾಬರಿ ಬೇಡ, ಅದು ಪ್ರಿವ್ಯೂ ಮಾತ್ರ. ಎಡವುವ ಜಾಗ ಒಂದೇ: ಪಿಡಿಎಫ್ ಹೊರಕೊಡುವಾಗ ಕಲರ್ ಟ್ಯಾಬ್‌ನಲ್ಲಿ ‘ಸ್ಕ್ರೀನ್/ವೆಬ್’ ಇದ್ದಿದ್ದನ್ನು ‘ಪ್ರಿಂಟರ್’ಗೆ ಬದಲಿಸದಿದ್ದರೆ ಎಲ್ಲವೂ ಮತ್ತೆ ಆರ್‌ಜಿಬಿ.

ಕೋರೆಲ್ ಡ್ರಾ ಬಗ್ಗೆ ಹೆಚ್ಚು ಹೇಳಬೇಕಿಲ್ಲ, ಊರಿನ ಡಿಟಿಪಿ ಅಂಗಡಿಗಳಿಗೆ ಅದು ನಡೆದ ದಾರಿ. ಆದರೆ ಅಲ್ಲಿನ ಕನ್ನಡ ಬಹುಪಾಲು ನುಡಿ, ಬರಹ, ಶ್ರೀಲಿಪಿಯ ಆಸ್ಕಿ (ಯೂನಿಕೋಡ್‌ಗಿಂತ ಹಳೆಯ ಸಂಕೇತದ) ಫಾಂಟುಗಳದು. ಮೊಬೈಲಿನಲ್ಲಿ ಟೈಪಿಸಿ ಕಳಿಸಿದ ಯೂನಿಕೋಡ್ ಪಠ್ಯವನ್ನು ಮೊದಲು ಪರಿವರ್ತಕಕ್ಕೆ ಹಾಕಿ ಆಸ್ಕಿಗೆ ತಿರುಗಿಸಬೇಕು, ತಿರುಗಿಸಿದ ಮೇಲೆ ಅಂಕಿ ಮತ್ತು ಉದ್ಧರಣ ಚಿಹ್ನೆಗಳನ್ನು ಒಂದೊಂದಾಗಿ ನೋಡಬೇಕು. ಕೊಡುವ ಮುನ್ನ ಅಕ್ಷರಗಳನ್ನು ಕರ್ವ್ಸ್ (ಫಾಂಟ್ ಬೇಡದ ಗೆರೆಯ ಆಕಾರ) ಮಾಡಿ, ಅಂಗಡಿಯ ಆವೃತ್ತಿ ಕೇಳಿಕೊಂಡು ಆ ಆವೃತ್ತಿಗೇ ಸೇವ್ ಮಾಡಿ. ಹೊಸದರ ಕಡತ ಹಳೆಯದರಲ್ಲಿ ತೆರೆಯುವುದಿಲ್ಲ. ಆನ್‌ಲೈನ್ ವಿನ್ಯಾಸ ತಾಣವಾದ ಕ್ಯಾನ್ವಾದಲ್ಲಿ ಕೆಲಸ ಬೇಗ ಮುಗಿಯುತ್ತದೆ, ಆದರೆ ಸಿಎಂವೈಕೆ ಹಣ ಕೊಟ್ಟವರಿಗೆ ಮಾತ್ರ. ಸಿದ್ಧ ಮಾದರಿಯ ಪ್ಯಾನೆಲ್‌ಗಳು ಸಮ ಅಗಲದವಾಗಿದ್ದರೆ ನೀವೇ ತಿದ್ದಿಕೊಳ್ಳಬೇಕು.

ಯಾವುದನ್ನೇ ಹಿಡಿದರೂ ಫೋಟೊವನ್ನು ವಾಟ್ಸ್ಆ್ಯಪ್‌ನಲ್ಲಿ ಸಾದಾ ಚಿತ್ರವಾಗಿ ತರಿಸಿಕೊಳ್ಳಬೇಡಿ. 1600 × 1200ಕ್ಕೆ ಕುಗ್ಗಿದ ಅಡ್ಡ ಫೋಟೊವನ್ನು 216 ಮಿ.ಮೀ. ಎತ್ತರದ ಮುಖಪುಟಕ್ಕೆ ಎಳೆದರೆ ಉಳಿಯುವುದು 141 ಪಿಪಿಐ. ಕಗ್ಗಲಡುವಿನ ಕೊಕ್ಕರೆಯ ರೆಕ್ಕೆ ಬಣ್ಣದ ಮುದ್ದೆಯಾಗುತ್ತದೆ. ಡಾಕ್ಯುಮೆಂಟ್ ಆಗಿ ಕಳಿಸಲು ಹೇಳಿ. ಮಡಿಕೆಯ ಎರಡೂ ಪಕ್ಕ 5 ಮಿ.ಮೀ. ಒಳಗೆ ಅಕ್ಷರ ಬೇಡ. ಮಡಿಕೆಯ ಮೇಲೆ ಹಾಯುವ ಗಾಢ ಬಣ್ಣ ಬಿರುಕು ಬಿಟ್ಟು ಬಿಳಿ ಗೆರೆ ಕಾಣುತ್ತದೆ. 130 ಜಿಎಸ್‌ಎಂ ಆರ್ಟ್ ಪೇಪರಿನಲ್ಲಿ ಇದು ಕಡಿಮೆ, 170ಕ್ಕೆ ಹೋದರೆ ಮೊದಲು ಕ್ರೀಸಿಂಗ್ (ಮಡಿಕೆಯ ಗೆರೆ ಒತ್ತಿಸುವುದು) ಮಾಡಿಸಿ.

ಪ್ರೆಸ್‌ಗೆ ಕೊಡುವ ಮುನ್ನ ಮಾಮೂಲಿ ಹಾಳೆಯಲ್ಲಿ ಎರಡೂ ಬದಿ ತೆಗೆದು ಮಡಚಿ ನೋಡಿ. ಪ್ರಿಂಟರ್ ಸೆಟ್ಟಿಂಗ್‌ನಲ್ಲಿ ‘ಫ್ಲಿಪ್ ಆನ್ ಶಾರ್ಟ್ ಎಡ್ಜ್’ ಇರಲಿ, ಲಾಂಗ್ ಎಡ್ಜ್ ಕೊಟ್ಟರೆ ಒಳಬದಿ ತಲೆಕೆಳಗಾಗುತ್ತದೆ. ಮಡಚಿದಾಗ ಒಳಗೆ ಸೇರುವ ಪ್ಯಾನೆಲ್ ಉಬ್ಬಿ ನಿಂತರೆ 97ರ ಪ್ಯಾನೆಲ್ ತಪ್ಪು ತುದಿಯಲ್ಲಿದೆ ಎಂದೇ ಅರ್ಥ. ಆ ಬದಿಯ ಗೈಡ್‌ಗಳನ್ನು ಮತ್ತೊಮ್ಮೆ ಅಳೆಯಿರಿ.