ಗಾರೆ ಲೆಕ್ಕದ ಆ್ಯಪ್: ಗುಣಾಕಾರ ಸರಿ, ಗೋಡೆಯೇ ಸರಿಯಿಲ್ಲ

ಗಾರೆ ಕೆಲಸವನ್ನು ಗುತ್ತಿಗೆಗೆ ಕೊಡುವ ಮೊದಲು ಸಿಮೆಂಟು ಎಷ್ಟು, ಮರಳು ಎಷ್ಟು, ಒಟ್ಟು ಖರ್ಚು ಎಷ್ಟು ಎಂಬ ಅಂದಾಜು ಕೈಯಲ್ಲಿರಲಿ ಎಂದು, ಮೊಬೈಲಿನಲ್ಲಿ ಉಚಿತವಾಗಿ ಸಿಗುವ ಪ್ಲಾಸ್ಟರಿಂಗ್ ಲೆಕ್ಕದ ಒಂದು ಆ್ಯಪನ್ನು ಎರಡು ತಿಂಗಳು ಬಳಸಿದೆ. ಅದರ ಹೆಸರನ್ನು ಹೇಳದಿರುವುದಕ್ಕೆ ಕಾರಣವಿದೆ: ಇಲ್ಲಿ ಹೇಳಲಿರುವ ದೋಷ ಅದೊಂದರದೇ ಅಲ್ಲ, ಹೋಲಿಸಿ ನೋಡಿದ ಇನ್ನೆರಡರಲ್ಲಿಯೂ ಅದೇ ಇತ್ತು.

ಮೊದಲು ಅದಕ್ಕೆ ಸಲ್ಲಬೇಕಾದ ಮೆಚ್ಚುಗೆ. 100 ಚದರ ಮೀಟರ್ ಗೋಡೆಗೆ 12 ಮಿ.ಮೀ. ದಪ್ಪದಲ್ಲಿ 1:6 ಗಾರೆ (ಒಂದು ಪಾಲು ಸಿಮೆಂಟಿಗೆ ಆರು ಪಾಲು ಮರಳು) ಎಂದು ತುಂಬಿದರೆ, ಹಸಿ ಗಾರೆಯ ಗಾತ್ರ 1.2 ಘನ ಮೀಟರ್ ಎಂದು ಹಿಡಿಯುತ್ತದೆ. ನೀರು ಬಿದ್ದಾಗ ಒಣ ಮಿಶ್ರಣದ ಗಾತ್ರ ಕುಗ್ಗುವುದರಿಂದ ಅದನ್ನು 1.33ರಿಂದ ಗುಣಿಸಿ, ಸುಮಾರು 1.6 ಘನ ಮೀಟರ್ ಒಣ ಸಾಮಗ್ರಿ ಬೇಕೆನ್ನುತ್ತದೆ. ಅದರ ಏಳರಲ್ಲೊಂದು ಪಾಲು ಸಿಮೆಂಟು. ಘನ ಮೀಟರಿಗೆ 1440 ಕೆ.ಜಿ. ಎಂದು ಹಿಡಿದರೆ 328 ಕೆ.ಜಿ., ಅಂದರೆ 50 ಕೆ.ಜಿ.ಯ ಆರೂವರೆ ಚೀಲ. ಉಳಿದ 1.37 ಘನ ಮೀಟರ್ ಮರಳು. ಕಾಗದದ ಮೇಲೆ ನಾನೇ ಮಾಡಿ ನೋಡಿದೆ, ಎಲ್ಲಿಯೂ ತಪ್ಪಿಲ್ಲ. ಪ್ರಮಾಣವನ್ನು 1:4ಕ್ಕೆ ಬದಲಿಸಿದ ಕೂಡಲೇ ಸಿಮೆಂಟು ಒಂಬತ್ತು ಚೀಲ ದಾಟುವುದನ್ನು ಕಣ್ಣೆದುರೇ ತೋರಿಸುವುದರಿಂದ, ಗುತ್ತಿಗೆದಾರನ ದರಪಟ್ಟಿಯಲ್ಲಿ ಪ್ರಮಾಣ ಬರೆದಿಲ್ಲದಿದ್ದರೆ ಅದನ್ನು ಕೇಳಲೇಬೇಕು ಎಂಬುದು ಹೊಸಬರಿಗೂ ಹೊಳೆಯುತ್ತದೆ.

ತೊಡಕಿರುವುದು ದಪ್ಪದ ಖಾನೆಯಲ್ಲಿ. ಅಲ್ಲಿ 12 ಎಂಬ ಅಂಕಿ ಮೊದಲೇ ಕೂತಿರುತ್ತದೆ, ಅದು ಎಲ್ಲಿಂದ ಬಂತೆಂದು ಆ್ಯಪ್ ಹೇಳುವುದಿಲ್ಲ, ಗೋಡೆ ಹೇಗಿದೆಯೆಂದು ಕೇಳುವುದೂ ಇಲ್ಲ. ಗಾರೆ ಬಂದು ನಿಲ್ಲಬೇಕಾದ ಮುಖಕ್ಕೆ ಸರಿಯಾಗಿ ತೂಗುಗುಂಡಿನ ದಾರ ಇಳಿಬಿಟ್ಟು, ದಾರಕ್ಕೂ ಇಟ್ಟಿಗೆಗೂ ನಡುವಿನ ಅಂತರವನ್ನು ಸ್ಕೇಲಿನಿಂದ ಅಳೆದೆ: ಮೇಲೆ 9 ಮಿ.ಮೀ., ನಡುವೆ 14, ಬುಡದಲ್ಲಿ 22. ಸರಾಸರಿ 15. ಬರೀ ಮೂರು ಮಿ.ಮೀ. ಎಂದು ತೋರುವ ಈ ವ್ಯತ್ಯಾಸ ಇಡೀ ಸಾಮಗ್ರಿಯನ್ನು ಕಾಲು ಭಾಗ ಹೆಚ್ಚಿಸಿ ಸಿಮೆಂಟನ್ನು 8.2 ಚೀಲಕ್ಕೆ ಒಯ್ಯುತ್ತದೆ. ಇಟ್ಟಿಗೆ ಸಂದುಗಳಿಗೂ ಗೋಡೆಯ ತಗ್ಗುಗಳಿಗೂ ಇಳಿಯುವ ಗಾರೆಗೆಂದು ಹಸಿ ಗಾತ್ರಕ್ಕೆ ಶೇ. 20ರಷ್ಟು ಸೇರಿಸುವುದು ಅಂದಾಜು ಮಾಡುವವರ ಅಭ್ಯಾಸ. ಅದನ್ನೂ ಕೂಡಿದರೆ ಆರೂವರೆ ಎಂದು ಶುರುವಾದ ಲೆಕ್ಕ ಹತ್ತರ ಹತ್ತಿರ ಬಂದು ನಿಲ್ಲುತ್ತದೆ. ಸಾಲದ್ದಕ್ಕೆ, ಬುಡದ 22 ಮಿ.ಮೀ.ಯನ್ನು ಒಂದೇ ಸಲಕ್ಕೆ ಬಳಿದರೆ ಗಾರೆ ಜಾರುವುದರಿಂದ ಅಲ್ಲಿ ಎರಡು ಪದರ ಬೇಕು, ಕೂಲಿಯೂ ಅದಕ್ಕೆ ತಕ್ಕಂತೆ ಏರುತ್ತದೆ.

ಕಿಟಕಿ ಬಾಗಿಲುಗಳ ವಿಷಯದಲ್ಲಿ ಆ್ಯಪ್ ಮನೆಯೊಡೆಯನ ಪರವಾಗಿ ಅತಿಯಾಗಿ ವಾಲುತ್ತದೆ. 1.2 ಮೀಟರ್ ಅಗಲ, 1.5 ಮೀಟರ್ ಎತ್ತರದ ಕಿಟಕಿಯನ್ನು ನಮೂದಿಸಿದರೆ ಒಳಗೂ ಹೊರಗೂ ಸೇರಿಸಿ 3.6 ಚದರ ಮೀಟರ್ ಕಳೆದುಬಿಡುತ್ತದೆ. ಆದರೆ ಕಿಟಕಿಯ ಪಕ್ಕೆಗಳಿಗೂ ಮೇಲಂಚಿಗೂ ಗಾರೆ ಬಳಿಯಲೇಬೇಕಲ್ಲವೇ? ಬಳಕೆಯಲ್ಲಿರುವ ಒಂದು ಅಳತೆ ಕ್ರಮದಂತೆ 0.5 ಚದರ ಮೀಟರಿಗಿಂತ ಚಿಕ್ಕ ತೆರಪನ್ನು ಕಳೆಯುವುದೇ ಇಲ್ಲ, 0.5ರಿಂದ 3 ಚದರ ಮೀಟರಿನವರೆಗಿನದಕ್ಕೆ, ಎರಡೂ ಕಡೆ ಒಂದೇ ಬಗೆಯ ಗಾರೆಯಿದ್ದರೆ, ಒಂದೇ ಮುಖವನ್ನು ಕಳೆದು ಪಕ್ಕೆಗಳ ಕೆಲಸವನ್ನು ಅದರಲ್ಲೇ ಸರಿದೂಗಿಸುತ್ತಾರೆ. ಆ ಪ್ರಕಾರ ಕಳೆಯಬೇಕಾದದ್ದು 1.8 ಮಾತ್ರ. ಅಂಥ ಹತ್ತು ಕಿಟಕಿಗಳಿದ್ದರೆ 18 ಚದರ ಮೀಟರಿನ ಜಗಳ ಸಿದ್ಧ. ನನಗೂ ಮೊದಲು ಬಂದ ಗುತ್ತಿಗೆದಾರನಿಗೂ ಮಾತು ಮುರಿದದ್ದು ಇಲ್ಲಿಯೇ, ಮತ್ತು ಆ ದಿನ ತಪ್ಪು ನನ್ನ ಕಡೆಗಿತ್ತು.

ಮರಳಿನ ಅಂಕಿಯನ್ನೂ ಹಾಗೆಯೇ ನಂಬುವಂತಿಲ್ಲ. ಆ್ಯಪ್ ಹೇಳುವುದು ಒಣ ಮರಳಿನ ಗಾತ್ರ. ನೂರಕ್ಕೆ ಐದರಷ್ಟು ತೇವವಿರುವ ಸಣ್ಣ ಮರಳು ಉಬ್ಬಿ ಕಾಲು ಭಾಗ ಹೆಚ್ಚು ಜಾಗ ಹಿಡಿಯಬಲ್ಲದು. ಹಾಗಾದಾಗ 1.37ರ ಬದಲು 1.7 ಘನ ಮೀಟರ್ ತರಿಸಬೇಕಾಗುತ್ತದೆ.

ಖರ್ಚಿನ ಪುಟ ತೆಳುವಾಗಿದೆ. ಸಿಮೆಂಟು, ಮರಳು, ಕೂಲಿಗೆ ಖಾನೆಗಳಿವೆ. ಸಾರುವೆ, ಕಂಬಕ್ಕೂ ಇಟ್ಟಿಗೆಗೂ ಕೂಡುವಲ್ಲಿ ಬಡಿಯುವ ಜಾಲರಿ, ಗಾರೆ ಗಟ್ಟಿಯಾಗಲೆಂದು ಹಾಕುವ ಕ್ಯೂರಿಂಗ್ ನೀರು, ಕೆಳಗೆ ಉದುರಿ ಹಾಳಾಗುವ ಗಾರೆ ಇವಾವುದಕ್ಕೂ ಇಲ್ಲ. ಆದ್ದರಿಂದ ಸಾಮಗ್ರಿ ತರಿಸಲು ಇದನ್ನು ಬಳಸಬೇಡಿ ಎನ್ನುತ್ತೇನೆ. ಎರಡು ದರಪಟ್ಟಿಗಳನ್ನು ಪಕ್ಕಪಕ್ಕದಲ್ಲಿಟ್ಟು ಪ್ರಶ್ನೆ ಕೇಳುವುದಕ್ಕೆ ಧಾರಾಳವಾಗಿ ಬಳಸಬಹುದು. ಐದರಲ್ಲಿ ಮೂರು ನಕ್ಷತ್ರ.

ನಾಲ್ಕನೆಯದನ್ನು ತಡೆಹಿಡಿದದ್ದು ಅದರ ವರದಿ. ಚೀಲಗಳ ಸಂಖ್ಯೆ, ಮರಳು, ಒಟ್ಟು ಮೊತ್ತ ಎಲ್ಲವೂ ಅಚ್ಚುಕಟ್ಟಾಗಿ ಮುದ್ರಣವಾಗುತ್ತವೆ, ಗಾರೆಯ ದಪ್ಪವೊಂದನ್ನು ಬಿಟ್ಟು. ಎರಡನೆಯ ಗುತ್ತಿಗೆದಾರನಿಗೆ ಹಾಳೆ ಕೊಡುವ ಮೊದಲು ಅದರ ತಲೆಯ ಮೇಲೆ ಪೆನ್ನಿನಲ್ಲಿ ‘ಸರಾಸರಿ 15 ಮಿ.ಮೀ., ಬುಡದಲ್ಲಿ 22’ ಎಂದು ಬರೆದೆ. ಆತ ಮೊತ್ತದ ಕಡೆ ನೋಡದೆ, ಚೀಲದಿಂದ ತೂಗುಗುಂಡು ತೆಗೆದು ಗೋಡೆಯ ಕಡೆ ನಡೆದ.