ಕೋಡುಬಳೆ ಕಡಿಯುವ ಹಲ್ಲು: ನಮ್ಮ ಬಡಾವಣೆಯ ಡೆಂಟಲ್ ಕ್ಲಿನಿಕ್

ಮೈಸೂರಿನಲ್ಲಿ ನಾನು ಹೋಗುವ ಹಲ್ಲಿನ ಕ್ಲಿನಿಕ್ ದೊಡ್ಡದೇನಲ್ಲ. ಒಂದೇ ಕುರ್ಚಿ, ಹೊರಗೆ ಎರಡು ಬೆಂಚು. ಕೆಲಸ ಮಾತ್ರ ಅಚ್ಚುಕಟ್ಟು.

ದವಡೆ ಹಲ್ಲಿಗೆ ರೂಟ್ ಕೆನಾಲ್ ಆಯಿತು. ನೋವು ಹೋಯ್ತಲ್ಲ, ಇನ್ನು ಕ್ಯಾಪ್ ಯಾಕೆ ಅಂತ ಕೇಳಿದೆ. ಡಾಕ್ಟರಮ್ಮ ಎಕ್ಸ್‌ರೇ ತೋರಿಸಿದರು. ‘ಹುಳುಕು ತೆಗೆದ ಮೇಲೆ ಹಲ್ಲಿನ ಗೋಡೆ ತೆಳುವಾಗಿದೆ ನೋಡಿ. ಗಟ್ಟಿ ಪದಾರ್ಥ ಕಡಿದರೆ ಸೀಳಬಹುದು’ ಎಂದರು. ಲೋಹದ್ದು, ಲೋಹದ ಮೇಲೆ ಪಿಂಗಾಣಿ ಹೊದಿಸಿದ್ದು, ಜಿರ್ಕೋನಿಯಾ ಅನ್ನೋ ಗಟ್ಟಿ ಬಿಳಿ ಸೆರಾಮಿಕ್‌ನದ್ದು, ಮೂರರ ಬೆಲೆಯನ್ನೂ ಬಿಡಿಸಿ ಹೇಳಿದರು. ಜಾಸ್ತಿ ಬೆಲೆಯದ್ದನ್ನೇ ತಗೊಳ್ಳಿ ಅನ್ನೋ ಒತ್ತಾಯ ಇಲ್ಲ. ನಾನು ಜಿರ್ಕೋನಿಯಾ ಆರಿಸಿದೆ.

ಬಣ್ಣ ಹೊಂದಿಸುವುದನ್ನು ನೋಡಬೇಕು! ಲಿಪ್‌ಸ್ಟಿಕ್ ಒರೆಸಿಸಿ, ಕಿಟಕಿ ಹತ್ತಿರ ಕೂರಿಸಿ, ಮಾದರಿ ಹಲ್ಲುಗಳ ಪಟ್ಟಿಯನ್ನು ಪಕ್ಕದ ಹಲ್ಲಿಗೆ ಹಿಡಿದು ಹಿಡಿದು ನೋಡಿ ‘ಎ3’ ಅಂತ ಬಣ್ಣದ ನಂಬರ್ ಬರೆದುಕೊಂಡರು. ಬ್ಲೌಸ್ ಪೀಸಿಗೆ ಮ್ಯಾಚಿಂಗ್ ಹುಡುಕುವ ಹಾಗೆ. ಬ್ಲೀಚಿಂಗ್ ಮಾಡಿಸೋದಿದ್ದರೆ ಈಗಲೇ ಹೇಳಿ, ಆಮೇಲೆ ಹಲ್ಲು ಬೆಳ್ಳಗಾದರೂ ಕ್ಯಾಪ್ ಬಣ್ಣ ಬದಲಾಗಲ್ಲ ಎಂದರು. ಬೇಡ ಅಂದೆ. ಫಿಲ್ಟರ್ ಕಾಫಿ ಬಿಡೋರು ಯಾರು?

ಕ್ಯಾಪ್ ಕೂರಿಸಿದ ಮೇಲೆ ನೀಲಿ ಕಾಗದ ಕಚ್ಚಿಸಿದರು. ಗುರುತು ಎದ್ದು ಕಂಡ ಕಡೆ ಉಜ್ಜಿದರು, ಮತ್ತೆ ಕಚ್ಚಿಸಿದರು. ಕೂದಲೆಳೆಯಷ್ಟು ಎತ್ತರ ಉಳಿದರೂ ಅಗಿಯುವಾಗ ಕಿರಿಕಿರಿ, ಅಲ್ವಾ?

ಚಕ್ಕೆ ಎದ್ದಿದ್ದ ಮುಂದಿನ ಹಲ್ಲಿಗೆ ಅವತ್ತೇ ಕಾಂಪೋಸಿಟ್ (ಹಲ್ಲಿನ ಬಣ್ಣದ ಮೆತ್ತನೆ ಫಿಲ್ಲಿಂಗ್) ತುಂಬಿ, ನೀಲಿ ಬೆಳಕು ಹಿಡಿದು ಗಟ್ಟಿ ಮಾಡಿದರು. ಈಗ ಫೋಟೋದಲ್ಲಿ ಬಾಯಿ ತುಂಬ ನಗ್ತೀನಿ.

ಒಂದೇ ತಕರಾರು: ಅಪಾಯಿಂಟ್‌ಮೆಂಟ್ ಇದ್ದರೂ ಸಂಜೆ ಹೊತ್ತು ಸುಮ್ನೆ ಕಾಯಿಸುತ್ತಾರೆ. ಬೆಳಗ್ಗೆಯೇ ಹೋಗಿ.