ಹಿತ್ತಾಳೆಯ ಹೊಳಪಿಗೆ ಯಾವ ಚಕ್ರ: ಕತ್ತಾಳೆಯದೋ, ಹೊಲಿದ ಹತ್ತಿಯದೋ, ಬಿಡಿ ಹತ್ತಿಯದೋ?

ಹಳೆಯ ಬೀರುವಿನಿಂದ ಬಿಚ್ಚಿದ ಆರು ಹಿತ್ತಾಳೆ ಹಿಡಿಗಳು ಒಂದೇ ಅಚ್ಚಿನವು, ಒಂದೇ ಬಗೆಯಲ್ಲಿ ಕಪ್ಪಾಗಿದ್ದವು. ಮೋಟಾರಿಗೆ ಸಿಕ್ಕಿಸಿ ಲೋಹವನ್ನು ಉಜ್ಜಿ ಹೊಳಪಿಸುವ ಚಕ್ರಗಳನ್ನು ಹೋಲಿಸಿ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಸಿಗದೆಂದು ಎರಡೆರಡು ಹಿಡಿಗಳನ್ನು ಒಂದೊಂದು ಚಕ್ರಕ್ಕೆ ಕೊಟ್ಟೆ. ಮೂರೂ 6 ಇಂಚಿನ ಚಕ್ರಗಳು, ಮೋಟಾರು ನಿಮಿಷಕ್ಕೆ 2850 ಸುತ್ತಿನದು. ಮೊದಲು ಅಯಸ್ಕಾಂತ ಹಿಡಿದು ನೋಡಿದೆ. ಅದು ಕಚ್ಚಿಕೊಂಡರೆ ಒಳಗಿರುವುದು ಉಕ್ಕು, ಮೇಲಿರುವುದು ತೆಳು ಲೇಪ. ಉಜ್ಜಿದರೆ ಲೇಪವೇ ಹಾರಿಹೋಗುತ್ತದೆ. ಇವು ಅಪ್ಪಟ ಹಿತ್ತಾಳೆ. ಚಕ್ರಕ್ಕೆ ಮೆತ್ತಿಕೊಳ್ಳದಿರಲೆಂದು ಹಳೆಯ ಲ್ಯಾಕರನ್ನೂ (ಲೋಹದ ಮೇಲಿನ ಪಾರದರ್ಶಕ ಲೇಪ) ಮೊದಲೇ ತೆಗೆದೆ.

ಕತ್ತಾಳೆ ನಾರಿನ ಚಕ್ರದ ಕೆಲಸ ಬಲು ಚುರುಕು. ಕಂದು ಟ್ರಿಪೋಲಿ (ಲೋಹ ಸವೆಸುವ ಉಜ್ಜು ಮಸಾಲೆ) ಸವರಿ ಹಿಡಿದದ್ದೇ ತಡ, ಕಿಲುಬು, ಗೀರು ಎಲ್ಲವೂ ಎರಡು ನಿಮಿಷದೊಳಗೆ ಮಾಯ. ಆದರೆ ಹಿಡಿಯನ್ನು ಬೆಳಕಿಗೆ ಒಡ್ಡಿದಾಗ ಬೇಸರವಾಯಿತು. ಅಂಚಿನ ಸಣ್ಣ ಗೆರೆಕೆತ್ತನೆ ಮಸುಕಾಗಿತ್ತು. ತಿರುಪಿನ ತೂತಿನ ಒಂದು ಬದಿಯಲ್ಲಿ, ಚಕ್ರ ಎಳೆದ ದಿಕ್ಕಿಗೆ, ಧೂಮಕೇತುವಿನ ಬಾಲದಂತಹ ತಗ್ಗು ಬಿದ್ದಿತ್ತು. ಹೋದ ಲೋಹ ಮರಳಿ ಬರುವುದಿಲ್ಲ. ಆ ಎರಡು ಹಿಡಿಗಳನ್ನು ನೋಡಿದಾಗಲೆಲ್ಲ ನನಗೆ ಈಗಲೂ ಕಸಿವಿಸಿ.

ಸುರುಳಿಯಾಗಿ ಹೊಲಿದ ಹತ್ತಿ ಚಕ್ರಕ್ಕೂ ಅದೇ ಟ್ರಿಪೋಲಿ ಬಳಸಿದೆ. ಒಂದೊಂದು ಹಿಡಿಗೆ ಏಳೆಂಟು ನಿಮಿಷ ಹಿಡಿಯಿತು, ಆದರೆ ಕೆತ್ತನೆ ಹಾಗೆಯೇ ಉಳಿಯಿತು. ಗೀರು ಹೋಯಿತೋ ಇಲ್ಲವೋ ನೋಡುತ್ತ, ದಿಕ್ಕು ಬದಲಿಸಿ ಅಡ್ಡಕ್ಕೆ ಉಜ್ಜಲು ಇಲ್ಲಿ ಸಮಯ ಸಿಗುತ್ತದೆ. ಟ್ರಿಪೋಲಿಯನ್ನು ಮಾತ್ರ ಕೈ ಬಿಗಿಹಿಡಿದು ಸವರಬೇಕು. ಹೆಚ್ಚಾದರೆ ಕರಿ ಜಿಡ್ಡು ಹಿತ್ತಾಳೆಗೆ ಗೆರೆಗೆರೆಯಾಗಿ ಅಂಟುತ್ತದೆ, ಚಕ್ರ ಕತ್ತರಿಸುವ ಬದಲು ಜಾರುತ್ತದೆ.

ಪದರಗಳನ್ನು ಹೊಲಿಯದೆ ಬಿಟ್ಟ ಬಿಡಿ ಹತ್ತಿ ಚಕ್ರಕ್ಕೂ ಟ್ರಿಪೋಲಿ ಸವರಿ, ಅದೊಂದರಿಂದಲೇ ಕೆಲಸ ಮುಗಿಸುವ ಆಸೆ ಫಲಿಸಲಿಲ್ಲ. ಹೊಳಪೇನೋ ಬಂತು, ಆದರೆ ಅದರಡಿಯಲ್ಲಿ ಹಳೆಯ ಗೀರುಗಳು ಇನ್ನಷ್ಟು ಎದ್ದು ಕಂಡವು. ಅದೇ ಚಕ್ರದ ಟ್ರಿಪೋಲಿಯನ್ನೆಲ್ಲ ಕೆರೆದು ತೆಗೆಯುವುದಾಗದೆಂದು ಹೊಸದೊಂದನ್ನು ಹಾಕಿ, ಕೆಂಪು ರೂಜ್ (ಕೊನೆಯ ಹೊಳಪಿನ ನಯವಾದ ಮಸಾಲೆ) ಸವರಿ, ಹೊಲಿದ ಚಕ್ರದಿಂದ ಬಂದ ಹಿಡಿಯನ್ನು ಒಂದು ನಿಮಿಷ ಒತ್ತಡವಿಲ್ಲದೆ ಆಡಿಸಿದೆ. ಕಿಟಕಿಯ ಸರಳುಗಳು ಅದರಲ್ಲಿ ಒಂದೊಂದಾಗಿ ಎಣಿಸುವಷ್ಟು ಸ್ಪಷ್ಟವಾಗಿ ಕಂಡವು! ಒಂದು ಚಕ್ರಕ್ಕೆ ಒಂದೇ ಮಸಾಲೆ: ಇದರಲ್ಲಿ ರಾಜಿ ಬೇಡ. ಟ್ರಿಪೋಲಿಯ ಒಂದು ಕಣ ರೂಜ್ ಚಕ್ರಕ್ಕೆ ಸೇರಿದರೂ ಕೂದಲೆಳೆಯಂತಹ ಗೆರೆಗಳು ಮೂಡುತ್ತವೆ.

ಡ್ರಿಲ್‌ಗೆ ಸಿಕ್ಕಿಸುವ ಪುಟ್ಟ ಫೆಲ್ಟ್ (ಒತ್ತಿ ಗಟ್ಟಿ ಮಾಡಿದ ಉಣ್ಣೆ) ತುಂಡು ಹಿಡಿಯ ಒಳಬಾಗಿಗೆ ಸಾಕಾಯಿತು, ಅಷ್ಟೇ.

ಒಮ್ಮೆ ಹಿಡಿಯ ಮೇಲಂಚನ್ನು ಚಕ್ರಕ್ಕೆ ಎದುರಾಗಿ ಒಡ್ಡಿದೆ. ಅದು ಕೈಯಿಂದ ಕಿತ್ತುಕೊಂಡು ಹೋಗಿ ಗೋಡೆಗೆ ಬಡಿಯಿತು. ಚಕ್ರದ ನಡುವಿನ ಅಚ್ಚುಗಂಬಿಯ ಮಟ್ಟಕ್ಕಿಂತ ಕೆಳಗೆ, ಅಂಚು ಚಕ್ರ ತಿರುಗುವ ಕಡೆಗೇ ಮುಖಮಾಡುವಂತೆ ಹಿಡಿಯಬೇಕು. ಕೈಗವಸು ನೂಲಿಗೆ ಸಿಕ್ಕಿ ಕೈಯನ್ನೇ ಎಳೆದುಕೊಳ್ಳಬಹುದು, ಹಾಗಾಗಿ ಬೇಡ. ಬಿಸಿಯಾದರೆ ನಿಲ್ಲಿಸಿ. ಕನ್ನಡಕ ಬೇಕು, ಮುಖಗವಸು ಖಂಡಿತ ಬೇಕು: ಹಲವು ಬಗೆಯ ಹಿತ್ತಾಳೆಯಲ್ಲಿ ಸೀಸವಿರುತ್ತದೆ.

ಈಗ ಮೋಟಾರಿನ ಎಡಕ್ಕೆ ಹೊಲಿದ ಚಕ್ರ, ಬಲಕ್ಕೆ ರೂಜ್ ಹಾಕಿದ ಬಿಡಿ ಚಕ್ರ. ಕತ್ತಾಳೆಯದು ಪೆಟ್ಟಿಗೆಯಲ್ಲಿದೆ. ಅರದ ಆಳ ಗುರುತುಗಳಿರುವ ಒಂದು ದಪ್ಪ ಬಿಜಾಗರಿಗೆಂದು ಅದನ್ನು ಎತ್ತಿಟ್ಟಿದ್ದೇನೆ.